ಅಡಿಕೆ ಎಂಬ ಸವತಿ

ನನ್ನ ಮದುವೆಗೆ ನನ್ನ ಗಂಡ ಬಂದಿರಲಿಲ್ಲ. ಅವರ ಕತ್ತಿ ಬಂದಿತ್ತು.

ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ ಕಿಸಕ್ಕನೆ ನಗುತ್ತಾರೆ. ನಗಲಿ. ಅವತ್ತು ಬಾಸಿಂಗದ ಮರೆಯಲ್ಲಿ ನಾನೂ ನಕ್ಕಿದ್ದೆ. ಕೆಂಪು ಮಖಮಲ್ಲಿನಲ್ಲಿ ಸುತ್ತಿದ ಕತ್ತಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗಂಡನ ಮನೆಯಾದ ವಾಡೆಯ ಹಿರಿಯರು ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರು. ಮಟಕಿಯ ನಮ್ಮ ಮನೆಯ ಅಂಗಳದಲ್ಲಿ ಕತ್ತಿಯನ್ನು ಮಣೆಯ ಮೇಲಿಟ್ಟು, ಅದಕ್ಕೂ ಬಾಸಿಂಗ ಕಟ್ಟಿ, ನಡುವೆ ಅಂತರಪಟ ಹಿಡಿದು ಅಕ್ಷತೆ ಹಾಕಿದರು. ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಕಾಡಲು ಬಂದಿದ್ದ ಗೆಳತಿಯರು ಮಣೆಯತ್ತ ನೋಡಿ ಸುಮ್ಮನಾದರು. ಕತ್ತಿಗೆ ಒಡಪು ಕಟ್ಟುವುದು ಯಾರಿಗೂ ಬರುತ್ತಿರಲಿಲ್ಲ.

ಅದಕ್ಕೆ ಕತ್ತಿಯ ಲಗ್ನ ಎನ್ನುತ್ತಾರೆ. ಅರಸು ಮನೆತನದ ಹುಡುಗ ತನಗಿಂತ ಕೆಳಗಿನ ಮನೆಯ ಹೆಣ್ಣನ್ನು ತಂದರೆ ಆ ಮನೆಯ ಹೊಸ್ತಿಲಿಗೆ ತಾನು ಹೋಗುವುದಿಲ್ಲ, ಕತ್ತಿಯನ್ನು ಕಳಿಸುತ್ತಾನೆ. ಲಗ್ನ ಲಗ್ನವೇ. ಹೆಣ್ಣು ಹೆಂಡತಿಯೇ. ಆದರೆ ಸರಿಸಮಾನಳಲ್ಲ. ಗಂಡನ ಪಕ್ಕದ ಮಣೆ, ಪಕ್ಕದ ಕುರ್ಚಿ, ಪಕ್ಕದ ಎಲೆ ಯಾವುದೂ ಅವಳದಲ್ಲ. ನಮ್ಮದೇನು ಕೂಲಿ ಮಾಡುವ ಮನೆಯಲ್ಲ. ಪಾಟೀಲಕಿ ಮನೆತನ, ಊರಲ್ಲಿ ನಮ್ಮಪ್ಪ ಬಂದರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಆದರೆ ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಆ ವಾಡೆಯ ಅಂಗಳದಲ್ಲಿ ಕೈಕಟ್ಟಿ ನಿಂತವರಂತೆ. ನಿಂತವರು ಸತ್ತರು, ನಿಲ್ಲಿಸಿಕೊಂಡವರು ಸತ್ತರು, ರಾಜ್ಯವೇ ಹೋಯಿತು. ಕೈಕಟ್ಟಿದ್ದು ಮಾತ್ರ ಉಳಿಯಿತು.

ನನ್ನ ಗಂಡ ನನ್ನನ್ನು ಮೊದಲು ನೋಡಿದ್ದು ಎತ್ತು ಕೊಳ್ಳಲು ಮಟಕಿಗೆ ಬಂದಾಗ. ಮಧ್ಯಾಹ್ನ ನಮ್ಮಲ್ಲೇ ಊಟಕ್ಕೆ ಕೂತಿದ್ದರು. ಯಾರೆಂದು ನನಗೆ ಗೊತ್ತಿರಲಿಲ್ಲ. ರೊಟ್ಟಿಯ ಅಂಚನ್ನೆಲ್ಲ ಮುರಿದು ಬದಿಗಿಟ್ಟು ನಡುವಿನದಷ್ಟೇ ತಿನ್ನುತ್ತಿದ್ದರು.

“ಅಂಚು ಯಾರ್ ತಿನ್ಬೇಕ್ರಿ? ರೊಟ್ಟಿ ಬಡದಾಕಿ ನಾನು. ನಡುವ ಬ್ಯಾರೆ, ಅಂಚು ಬ್ಯಾರೆ ಬಡದಿಲ್ಲ,” ಅಂದೆ.

ಅಪ್ಪನ ಮುಖ ಬಿಳಿಚಿಕೊಂಡಿತು. ಅವರು ಮಾತ್ರ ಅಂಚನ್ನೆಲ್ಲ ಒಂದೊಂದಾಗಿ ತಿಂದು ಮುಗಿಸಿದರು. ತಿಂಗಳೊಳಗೆ ಹೆಣ್ಣು ಕೇಳಿ ಕಳಿಸಿದರು. ಅವರ ತಾಯಿ ಊಟ ಬಿಟ್ಟರು, ಮಾತು ಬಿಟ್ಟರು. ಇವರೂ ಹಟ ಹಿಡಿದರು. ಕಡೆಗೆ ಆದ ರಾಜಿಯೇ ಕತ್ತಿ. ಲಗ್ನಕ್ಕೆ ಮುಂಚೆ ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಣ್ಣನ ಎದುರೇ ಅವರು ನನಗೆ ಹೇಳಿದ್ದರು: “ಅವ್ವನ ಮಾತಿಗೆ ಒಂದ ದಿನ ತಲಿ ಬಾಗ್ಸು. ಒಂದ ದಿನದ ಆಟ ಅದು. ಆಮ್ಯಾಲ ವಾಡೇದಾಗ ನೀನೇ.”

ನಂಬಿದೆ. ನನಗಾಗಿ ತಾಯಿಯ ಎದುರು ನಿಂತ ಗಂಡಸನ್ನು ಯಾವ ಹುಡುಗಿ ನಂಬುವುದಿಲ್ಲ?

ವಾಡೆ ಇರುವುದು ಅಫಜಲಪುರ ತಾಲ್ಲೂಕಿನಲ್ಲಿ, ಮಣ್ಣೂರಿನ ಕಡೆಗೆ, ಭೀಮೆಯ ದಂಡೆಗೆ. ಅರಸೊತ್ತಿಗೆಯಲ್ಲಿ ಉಳಿದದ್ದೆಂದರೆ ಅರ್ಧ ಕುಸಿದ ಬುರುಜು, ಒಂದಿಷ್ಟು ಕಬ್ಬಿನ ಹೊಲ, ಮುಂದಿನ ಪಡಸಾಲೆಯಲ್ಲಿ ಬಾಡಿಗೆಗಿದ್ದ ರಸಗೊಬ್ಬರದ ಗೋದಾಮು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಊರವರಿಗೆ ನನ್ನ ಗಂಡ ಇನ್ನೂ ‘ಸರಕಾರ’, ಅತ್ತೆ ‘ಆಯಿಸಾಹೇಬ’. ನಾನು ಬಾಯಿಸಾಹೇಬಳಾಗಬೇಕಿತ್ತು. ಆಗಲಿಲ್ಲ. ‘ಮಟಕಿಯವರು’ ಆದೆ. ಮಟಕಿಯವರ ಕೋಣೆ, ಮಟಕಿಯವರ ತಾಟು. ನನ್ನ ಹೆಸರನ್ನು ಆ ಮನೆಯಲ್ಲಿ ಕರೆಯುತ್ತಿದ್ದವರು ಒಬ್ಬರೇ, ಅದೂ ಬಾಗಿಲು ಹಾಕಿದ ಮೇಲೆ. ಬಾಗಿಲು ಹಾಕಿದರೆ ಅವರು ಗಂಡ, ತೆರೆದರೆ ಸರಕಾರ.

ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಕೈ ಎತ್ತಿದವರಲ್ಲ. ಕುಡಿದವರಲ್ಲ. ಹವಳಗಾದ ಕಾರ್ಖಾನೆಗೆ ಕಬ್ಬು ಸಾಗಿಸಿ ಬರುವಾಗ ನನಗೆಂದು ಬಿಸಿ ಭಜಿ ಕಟ್ಟಿಸಿಕೊಂಡು ಅಂಗಿಯೊಳಗೆ ಬಚ್ಚಿಟ್ಟು ತರುತ್ತಿದ್ದರು. ಅಂಗಿಗೆಲ್ಲ ಎಣ್ಣೆ. ಕೋಣೆಯಲ್ಲಿ ಒಂದೇ ಕಾಗದದ ಮೇಲೆ ಇಬ್ಬರೂ ತಿನ್ನುತ್ತಿದ್ದೆವು. ಅದೇ ಮನುಷ್ಯ ಹೊರಗೆ ಪಡಸಾಲೆಯಲ್ಲಿ ನಾನು ಎದುರಾದರೆ ಗೋಡೆಯ ಮೇಲಿನ ಹುಲಿಯ ಚಿತ್ರವನ್ನು ನೋಡುತ್ತ ಹೋಗುತ್ತಿದ್ದರು. ಆ ಹುಲಿಯನ್ನು ಅವರು ನೋಡಿದಷ್ಟು ಯಾರೂ ನೋಡಿರಲಿಕ್ಕಿಲ್ಲ.

ಮದುವೆಯಾದ ವರ್ಷದ ಗಣೇಶ ಚೌತಿಗೆ ನನಗೆ ಅಡಿಕೆಯ ಪರಿಚಯವಾಯಿತು. ಮಿಂದು, ರೇಷ್ಮೆ ಸೀರೆ ಉಟ್ಟು ದೇವರ ಕೋಣೆಗೆ ಬಂದೆ. ಗಂಡ ಹೆಂಡತಿ ಕೂಡಿ ಮಾಡುವ ಪೂಜೆ. ಮಣೆ ಒಂದೇ ಇತ್ತು. ಅವರು ಕೂತಿದ್ದರು. ಪೂಜಾರಿ ಒಂದು ಇಡಿ ಅಡಿಕೆಯನ್ನು ಕೊಟ್ಟ, ಅವರು ಅದನ್ನು ಪಂಚೆಯ ಮಡಿಕೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೆಂಡತಿ ಸತ್ತವರು, ಹೆಂಡತಿ ದೂರದ ಊರಿಗೆ ಹೋದವರು ಹಾಗೆ ಮಾಡುವುದನ್ನು ನಾನು ಕಂಡಿದ್ದೆ. ಹೆಂಡತಿಯ ಬದಲು ಅಡಿಕೆ, ಶಾಸ್ತ್ರಕ್ಕೆ ಅಷ್ಟೇ ಸಾಕು.

“ನಾ ಇಲ್ಲೇ ಇದ್ದೇನಲ್ರಿ ಆಯಿಸಾಹೇಬ,” ಅಂದೆ.

ಅತ್ತೆ ನನ್ನತ್ತ ತಿರುಗಲಿಲ್ಲ. “ಇದ್ದೀಯಲ್ಲ. ಯಾರ್ ಇಲ್ಲ ಅಂದ್ರು? ಆ ಮಣಿ ಮ್ಯಾಲ ಇಲ್ಲ, ಅಷ್ಟ. ಹೋಗು, ಮೋದಕದ ಉರಿ ನೋಡು.”

ಗಂಡನ ಮುಖ ನೋಡಿದೆ. ಅವರು ಗಣಪತಿಯನ್ನು ನೋಡುತ್ತಿದ್ದರು.

ಸಂಜೆ ಅವರು ಪಂಚೆ ಬದಲಿಸಿದಾಗ ಅಡಿಕೆ ನೆಲಕ್ಕೆ ಬಿತ್ತು. ಎತ್ತಿಕೊಂಡು ಅಡಕೊತ್ತಿನಲ್ಲಿ ಚೂರು ಮಾಡಿ, ಸುಣ್ಣ ಹಚ್ಚಿದ ಎಲೆಯಲ್ಲಿ ಮಡಚಿ, ಅವರ ಕಣ್ಣೆದುರೇ ಅಗಿದು ತಿಂದೆ. ಅವರು ಬೆಪ್ಪಾಗಿ ನೋಡುತ್ತ ನಿಂತರು. ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅಫಜಲಪುರದ ಖಾಲಾಗೆ ಇದನ್ನು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ಲ ಬೇಟಿ, ಸವತಿನ್ನ ತಿಂದು ದಕ್ಕಿಸ್ಕೊಂಡಾಕಿ ಈ ತಾಲ್ಲೂಕಿನ್ಯಾಗ ನೀ ಒಬ್ಬಾಕೇ ನೋಡು!” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ನೀರು ನಗುವಿನದಷ್ಟೇ ಆಗಿರಲಿಲ್ಲ.

ಪ್ರತಿವರ್ಷ ಹೊಸ ಅಡಿಕೆ ಬಂತು. ಎಷ್ಟೆಂದು ತಿನ್ನಲಿ?

ಒಮ್ಮೆ ಸಿಟ್ಟು ಮಾಡಿಕೊಂಡು ಮಟಕಿಗೆ ಹೋದದ್ದೂ ಉಂಟು. ದಸರೆಯ ಮರುದಿನ. ಹಬ್ಬದ ದಿನ ಬನ್ನಿ ಕೊಡಲು ಬಂದ ಊರ ಜನರ ಎದುರು ಅವರು ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿ ಖಾಲಿ, ಅದರ ಮೇಲೊಂದು ಶಾಲು. ಜನ ಅವರ ಕೈಗೆ ಬನ್ನಿ ಕೊಟ್ಟು ಶಾಲಿಗೆ ಕೈಮುಗಿದು ಹೋಗುತ್ತಿದ್ದರು. ಬಿದಿರು ಪರದೆಯ ಹಿಂದೆ ಬಸುರಿ ನಾನು ಕಾಲು ಬಾತುಕೊಂಡು ನಿಂತಿದ್ದೆ. ಶಾಲಿಗಿದ್ದ ಮರ್ಯಾದೆ ನನಗಿರಲಿಲ್ಲ. ಮರುದಿನ ಜೀಪಿನವನಿಗೆ ಸುಳ್ಳು ಹೇಳಿ ತವರಿಗೆ ಬಂದುಬಿಟ್ಟೆ.

ಅಪ್ಪ ನೀರು ಕೊಟ್ಟರು, ಕೂಡು ಅಂದರು. ಊಟವಾದ ಮೇಲೆ ಮೆಲ್ಲಗೆ ಹೇಳಿದರು: “ಮಗಳ, ನಿನ್ನ ತಂಗಿ ಇನ್ನೂ ಮನ್ಯಾಗ ಅದಾಳ. ದೊಡ್ಡ ಮನಿಂದ ಹೆಣ್ಣು ವಾಪಸ್ ಬಂದದ ಅಂದ್ರ ಆಕಿನ್ನ ಯಾರ್ ಕೇಳ್ತಾರ? ನಿನಗ ಅಲ್ಲಿ ಹೊಟ್ಟಿಗಿಲ್ಲೇನು, ಬಟ್ಟಿಗಿಲ್ಲೇನು?”

ಹೊಟ್ಟೆಗಿತ್ತು. ಬಟ್ಟೆಗೂ ಇತ್ತು. ಅದೇ ಜೀಪಿನಲ್ಲಿ ಪರದೆ ಕಟ್ಟಿಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ಹೊರಗೆ ತೊಗರಿ ಹೂ ಬಿಟ್ಟಿತ್ತಂತೆ, ಡ್ರೈವರ್ ಹೇಳಿದ. ನನಗೆ ಕಂಡದ್ದು ಪರದೆಯ ನೇಯ್ಗೆ ಮಾತ್ರ.

ಮಗಳು ಹುಟ್ಟಿದಳು. ಒಬ್ಬಳೇ. ಆಕೆಗೆ ವಾಡೆಯ ಯಾವ ಕಟ್ಟಳೆಯೂ ಅಂಟಲಿಲ್ಲ. ಅಪ್ಪನ ತೊಡೆ, ಅಜ್ಜಿಯ ಹಾಸಿಗೆ, ಖಾಲಾನ ಸೊಂಟ ಎಲ್ಲವೂ ಅವಳದೇ. ಕಲಬುರ್ಗಿಯಲ್ಲಿ ಓದಿದಳು, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದಳು. ಅವಳು ಸಣ್ಣವಳಿದ್ದಾಗಲೇ ನಾನೊಂದು ಆಸೆ ಕಟ್ಟಿಕೊಂಡೆ. ಕುರ್ಚಿ ಬೇಡ, ಬಾಯಿಸಾಹೇಬ ಅನ್ನಿಸಿಕೊಳ್ಳುವುದೂ ಬೇಡ. ಇವಳ ಮದುವೆಯಲ್ಲಿ ಗಂಡನ ಪಕ್ಕ ಮಣೆಯ ಮೇಲೆ ಕೂತು, ಗಿಂಡಿ ಹಿಡಿದು, ಮಗಳ ಕೈ ಮೇಲೆ ಧಾರೆಯ ನೀರನ್ನು ನಾನೇ ಬಿಡಬೇಕು. ಹೆತ್ತವಳು ಮಾಡುವ ಕೆಲಸ ಅದು. ಅದೊಂದು ಸಿಕ್ಕರೆ ಉಳಿದದ್ದನ್ನೆಲ್ಲ ಭೀಮೆಗೆ ಬಿಟ್ಟೇನು ಅಂದುಕೊಂಡೆ.

ಅತ್ತೆ ತೀರಿಹೋದರು. ಕಡೆಯ ದಿನಗಳಲ್ಲಿ ನನ್ನ ಕೈಯ ಗಂಜಿಯನ್ನಷ್ಟೇ ಕುಡಿಯುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಅಳು ಮುಗಿದ ಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಾಲ ಬಂತು ಅಂದುಕೊಂಡೆ. ಸೂತಕದ ವರ್ಷ ಕಳೆದ ಮೇಲಿನ ಚೌತಿಗೆ ಮಿಂದು ಬಾಗಿಲಲ್ಲಿ ನಿಂತೆ. ಕರೆಯುತ್ತಾರೆಂದು ಕಾದೆ. ಅವರು ಪೂಜಾರಿಯ ಕೈಯಿಂದ ಅಡಿಕೆ ತೆಗೆದುಕೊಂಡರು. ಕೋಣೆಯಲ್ಲಿ ಕೇಳಿದ್ದಕ್ಕೆ “ಒಮ್ಮಿಗೇ ಬದ್ಲು ಮಾಡಿದ್ರ ಮಂದಿ ಏನಂತಾರ? ಅವ್ವ ಹೋಗೂದ ಕಾಯ್ತಿದ್ದ ಅಂತಾರ. ಸ್ವಲ್ಪ ತಡಿ,” ಅಂದರು. ತಡೆದೆ. ತಡೆಯುವುದರಲ್ಲಿ ನನಗೆ ಯಾವ ಕಾಲೇಜೂ ಕೊಡದಷ್ಟು ದೊಡ್ಡ ಪದವಿ ಸಿಗಬೇಕು.

ಮಗಳು ತನ್ನ ಗಂಡನನ್ನು ತಾನೇ ಆರಿಸಿಕೊಂಡಳು. ಜೇವರ್ಗಿಯ ಹುಡುಗ, ದನದ ಡಾಕ್ಟರು. ಅದೃಷ್ಟಕ್ಕೆ ಅವರದೂ ಹಳೆಯ ದೊಡ್ಡ ಮನೆತನವಾದ್ದರಿಂದ ಅವಳ ಅಪ್ಪ ತಕರಾರು ಮಾಡಲಿಲ್ಲ. ಹುಡುಗನ ತಾಯಿ ಸಾಲಿ ಮಾಸ್ತರಿಣಿ, ಬಾಯಿ ತುಂಬ ಮಾತು. ಮದುವೆ ಜೇವರ್ಗಿಯ ಕಲ್ಯಾಣ ಮಂಟಪದಲ್ಲಿ. ಬುರುಜಿಲ್ಲ, ಬಿದಿರು ಪರದೆಯಿಲ್ಲ, ಗೋಡೆಯ ಮೇಲೆ ಹುಲಿಯಿಲ್ಲ. ಬಾಡಿಗೆಯ ಕಟ್ಟಡದಲ್ಲಿ ಯಾವ ಅರಸೊತ್ತಿಗೆ ನಡೆದೀತು ಎಂದು ನನಗೆ ಧೈರ್ಯ ಬಂತು. ಹಸಿರು ಇಳಕಲ್ ಸೀರೆ ತೆಗೆದಿರಿಸಿಕೊಂಡೆ.

ಮದುವೆಯ ದಿನ ಬೀಗತಿ ತಾವೇ ನನ್ನ ಕೋಣೆಗೆ ಬಂದರು. “ಬೀಗತಿಯವರ, ಏನ್ ಕುಂತೀರಿ? ಧಾರಿ ಹೊತ್ತಾತು, ಏಳ್ರಿ. ಎರಡ ಮಣಿ ಹಾಕ್ಸೀನಿ. ನಿಮ್ಮ ಪೂಜಾರಪ್ಪ ಅಡಿಕಿ ಗಿಡಿಕಿ ಅನ್ನಾಕತ್ತಿದ್ದ. ತಾಯಿ ಇಷ್ಟ ಗಟ್ಟಿಮುಟ್ಟಿ ಇರ್ಬೇಕಾದ್ರ ಅಡಿಕಿ ಯಾಕ ಅಂತ ಬೈದು ಬಂದೀನಿ.”

ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಇಷ್ಟೇನಾ? ನನ್ನ ಆಯುಷ್ಯದ ಗೋಡೆಯನ್ನು ಈ ಹೆಂಗಸು ವೀಳ್ಯ ಅಗಿಯುತ್ತ ದೂಡಿ ಬಂದಿದ್ದರು. ಎದ್ದು ಸೀರೆ ಸರಿಮಾಡಿಕೊಂಡೆ. ಅವರು ಹೋದ ಬೆನ್ನಿಗೆ ನನ್ನ ಗಂಡ ಒಳಗೆ ಬಂದು ಬಾಗಿಲು ಹಾಕಿದರು. ಪೇಟ ಸುತ್ತಿದ್ದರು, ಹಣೆಯಲ್ಲಿ ಬೆವರು.

“ನೀ ಬರಬ್ಯಾಡ,” ಅಂದರು.

“ಅವರೇ ಕರದಾರ್ರಿ. ಮಣಿ ಹಾಕ್ಸ್ಯಾರ. ಆಯಿಸಾಹೇಬ್ರಿಲ್ಲ. ಈಗ ಬ್ಯಾಡ ಅನ್ನಾವ್ರು ಯಾರದಾರ?”

“ನಾ ಇದ್ದೇನಿ.”

ಅವರು ಮಂಚದ ಅಂಚಿಗೆ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು.

“ಸಿಟ್ಟಾಗಬ್ಯಾಡ, ಕೇಳು. ಇವತ್ತ ನೀ ಬಂದು ಬಾಜೂಕ ಕುಂತ್ರ, ಇಷ್ಟ ಸರಳ ಇತ್ತೇನು ಅಂತಾರ ಮಂದಿ. ಒಬ್ಬ ಹೆಣಮಗಳು ಒಂದ ಮಾತು ಬೈದ್ರ ಮುಗೀತಿತ್ತೇನು? ಹಂಗಾರ ಇವ ಇಷ್ಟ ವರ್ಷ ಯಾಕ ಆಕಿನ್ನ ನಿಂದರ್ಸಿದ್ದ ಅಂತಾರ. ಅವ್ವ ಇರೂತನ ಅವ್ವನ ಮ್ಯಾಲ ಹಾಕ್ದೆ. ಈಗ ಯಾರ ಮ್ಯಾಲ ಹಾಕ್ಲಿ? ಮಗಳ ಮುಂದ ನನ್ನ ಸಣ್ಣಾವನ್ನ ಮಾಡಬ್ಯಾಡ.”

ಅಲ್ಲಿಯವರೆಗೆ ನಾನು ಅತ್ತೆಯನ್ನು ಬೈದಿದ್ದೆ, ಪೂಜಾರಿಯನ್ನು, ಊರ ಜನರನ್ನು, ಸತ್ತುಹೋದ ಅರಸರನ್ನು ಬೈದಿದ್ದೆ. ಇವರನ್ನು ನನ್ನ ಜೊತೆ ಸಿಕ್ಕಿಬಿದ್ದವರೆಂದೇ ತಿಳಿದಿದ್ದೆ. ಸಿಟ್ಟು ಬರಬೇಕಿತ್ತು, ಬಂತು ಕೂಡ, ಕಿವಿಯವರೆಗೂ ಉರಿ ಏರಿತು. ಆದರೆ ಮುದುಕನಾಗುತ್ತಿರುವ ಆ ಮನುಷ್ಯನ ಕೈ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಅದೇ ಕೈ ಭಜಿ ತಂದು ಕೊಟ್ಟದ್ದು. ಸಿಟ್ಟಿನ ಜೊತೆಗೇ ಕರುಳೂ ಚುರುಕ್ ಅಂದರೆ ಹೆಂಗಸು ಏನು ಮಾಡಬೇಕು?

ಅಷ್ಟರಲ್ಲಿ ಬಾಗಿಲು ಬಡಿದು ಯಾರೋ ಹೇಳಿದರು: ಮದುಮಗಳು ಎದ್ದು ಬರುತ್ತಿಲ್ಲ, ಅವ್ವ ಮಣೆಯ ಮೇಲೆ ಕೂತ ಹೊರತು ಬರುವುದಿಲ್ಲ ಅನ್ನುತ್ತಿದ್ದಾಳೆ.

ಅವಳ ಕೋಣೆಗೆ ಹೋದೆ. ಬಾಸಿಂಗ ಕಟ್ಟಿಕೊಂಡು ಕೂತಿದ್ದಳು. ಒಂದು ಹೆಜ್ಜೆ ಕುಂಟಿದೆ. ಅದು ನನಗೆ ತಿಳಿಯುವ ಮುಂಚೆಯೇ ಕಾಲಿಗೆ ಹೊಳೆದಿತ್ತು.

“ಯವ್ವಾ, ಏಳು. ನನ್ನ ಎಡಗಾಲ ಮಂಡಿ ಹಿಡ್ಕೊಂಡದ. ಕೆಳಗ ಕೂಡಾಕ ಆಗಂಗಿಲ್ಲ. ನಿಮ್ಮ ಅಪ್ಪಾಜಿ ಎರೀತಾರ. ಮುಹೂರ್ತ ಮೀರಸಬ್ಯಾಡ.”

“ಮಂಡಿ ನೋವು ಯಾವಾಗಿಂದ?”

“ಮುಂಜಾನಿಂದ.”

ಬಾಸಿಂಗದ ಮುತ್ತಿನ ಎಳೆಗಳ ಹಿಂದಿನಿಂದ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎದ್ದಳು.

ಧಾರೆಯಾಯಿತು. ಮಂಟಪದ ಬದಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂಡಿಸಿದರು. ಎರಡನೆಯ ಮಣೆ ಖಾಲಿಯಿತ್ತು. ಸೊಂಟಕ್ಕೆ ಅಡಿಕೆ ಸಿಕ್ಕಿಸಿಕೊಂಡು ಅವರೇ ಗಿಂಡಿ ಬಗ್ಗಿಸಿದರು. ಮಗಳ ಕೈಯಿಂದ ನೀರು ತಾಮ್ರದ ತಟ್ಟೆಗೆ ಬೀಳುವ ಸದ್ದು ಓಲಗದ ನಡುವೆಯೂ ನನಗೆ ಕೇಳಿಸಿತು. ಬೀಗತಿ ಪಾಪ, ಅಷ್ಟು ಗದ್ದಲದಲ್ಲೂ ಎಲ್ಲಿಂದಲೋ ನೋವಿನ ಮುಲಾಮು ತರಿಸಿ ನನ್ನ ಮಂಡಿಗೆ ತಾವೇ ತಿಕ್ಕಿದರು. ಏನೂ ಆಗಿರದ ಮಂಡಿ ಉರಿಯತೊಡಗಿತು, ಕಣ್ಣಲ್ಲಿ ನೀರು ಬಂತು. ಭಾಳ ನೋವೇನ್ರಿ ಅಂದರು. ಭಾಳ ಅಂದೆ.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳಿಗೆ ಮಂಡಿ ಇತ್ತು. ಅಂದಿನಿಂದ ಊರಿಗೆಲ್ಲ ನಾನು ಮಂಡಿ ನೋವಿನವಳು. ವಾಡೆಯಲ್ಲಿ ನನಗೊಂದು ಬೆತ್ತದ ಕುರ್ಚಿ ಬಂತು. ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಬಡಿಯುವುದು ನನಗಿದ್ದ ಒಂದೇ ಸುಖ, ಅದನ್ನೂ ಬಾಗಿಲು ಹಾಕಿಕೊಂಡು ಮಾಡುವಂತಾಯಿತು.

ಮದುವೆಯ ನಂತರದ ಚೌತಿಗೆ ಮಗಳು ತನ್ನ ಅತ್ತೆಯನ್ನೂ ಕರೆದುಕೊಂಡು ಬಂದಳು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ನೆಟ್ಟಗೆ ಅಡುಗೆಮನೆಯ ಬಾಗಿಲು ದೂಡಿದಳು. ನೆಲದ ಮೇಲೆ ಕೂತಿದ್ದವಳು ನಾನು ಹುಡುಗಿಯ ಹಾಗೆ ಚಂಗನೆ ಎದ್ದು ನಿಂತೆ. ನಿಂತ ಮೇಲೆ ನೆನಪಾಗಿ ಮಂಡಿ ಹಿಡಿದುಕೊಂಡು “ಅಯ್ಯಪ್ಪ” ಅಂದೆ.

“ಅವ್ವಾ, ಅವತ್ತ ಎಡಗಾಲಿತ್ತು,” ಅಂದಳು.

ನಾನು ಕೈ ತೆಗೆದೆ.

“ನನಗ ಅವತ್ತೇ ಗೊತ್ತಿತ್ತು. ಅಪ್ಪಾಜಿ ಬ್ಯಾಡಂದ್ರು, ಹೌದಲ್ಲೋ?” ಧ್ವನಿ ಸಣ್ಣದಾಯಿತು. “ಮುಹೂರ್ತ ಹೋದ್ರೂ ಹೋಗ್ಲಿ, ನಾ ತಯಾರಿದ್ದೆ. ನೀ ಒಂದ ಮಾತು ಖರೇ ಹೇಳಿದ್ರ ಸಾಕಿತ್ತು. ಇವತ್ತ ನಮ್ಮತ್ತಿ ಮುಂದಾದ್ರೂ ಹೇಳು. ನಾ ನಿನ್ನ ಬಾಜೂಕ ನಿಂದರ್ತೇನಿ.”

ಹೇಳುತ್ತೇನೆ ಅಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ. ಬಾಯಲ್ಲಿ ಮಾತು ಜೋಡಿಸಿಕೊಂಡು, ನೆಟ್ಟಗೆ ನಡೆದುಕೊಂಡು ದೇವರ ಕೋಣೆಗೆ ಬಂದೆ. ಪೂಜೆ ಮುಗಿದಿತ್ತು. ಮಂಗಳಾರತಿಗೆ ಕೈಯೊಡ್ಡುತ್ತ ಬೀಗತಿ ತಮ್ಮ ಸಹಜ ಗಂಟಲಲ್ಲಿ ಕೇಳಿದರು: “ಅಲ್ರಿ ಬೀಗರ, ಮನ್ಯಾಗಿನ ಪೂಜಾಕೂ ಅಡಿಕಿನ? ಬೀಗತಿಯವ್ರು ಎಂದೂ ನಿಮ್ಮ ಬಾಜೂಕ ಕುಂತೇ ಇಲ್ಲಂತಲ್ಲ, ಯಾಕ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ನಕ್ಕರು. ಹಗುರಾದ ನಗು. ಇಷ್ಟು ವರ್ಷಗಳಲ್ಲಿ ಅಷ್ಟು ನಿರಾಳವಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಹ್ಯಾಂಗ ಕೂಡ್ತಾಳ್ರಿ ಪಾಪ? ನಮ್ಮ ಲಗ್ನ ಆದಾಗಿಂದ ಆಕಿಗೆ ಮಂಡಿ ನೋವು. ನಮ್ಮ ಅವ್ವನೂ ಎಷ್ಟ್ ಹೇಳಿದ್ಲು, ನಾನೂ ಎಷ್ಟ್ ಹೇಳಿದೆ, ಬಾ, ಕೂಡು ಅಂತ. ಆಕೀಗೇ ಆಗಂಗಿಲ್ಲ.”

ಆಮೇಲೆ ನನ್ನತ್ತ ತಿರುಗಿದರು. ಎಲ್ಲರ ಎದುರು, ತೆರೆದ ಬಾಗಿಲಲ್ಲಿ, ಮೊದಲ ಸಲ ನನ್ನ ಹೆಸರು ಹಿಡಿದು ಕರೆದು, “ಹೌದಲ್ಲ?” ಅಂದರು.

ಬೀಗತಿ ಮರುಕದಿಂದ ನನ್ನನ್ನು ನೋಡುತ್ತಿದ್ದರು. ಮಗಳು ನನ್ನ ಪಕ್ಕಕ್ಕೆ ಬಂದು ನಿಂತು ಕಾಯುತ್ತಿದ್ದಳು.

“ಹೌದ್ರಿ,” ಅಂದೆ. “ಮೊದಲಿಂದ.”